ಕೆಂಪು ಪೆನ್ನು ಮುಟ್ಟದ ಸಣ್ಣ ಪದಗಳು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಇಂಗ್ಲಿಷ್ ಟೆಸ್ಟ್ ಪೇಪರ್ ತಿದ್ದಿ ಕೊಟ್ಟ ದಿನ ಎಲ್ಲ ಸೆಕ್ಷನ್‌ಗಳಲ್ಲೂ ಒಂದೇ ದೃಶ್ಯ. ‘ಆನ್ಸರ್ ಆಫ್ ದ ಕ್ವೆಶ್ಚನ್’ ಎಂದು ಬರೆದವರ ‘ಆಫ್’ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ಟು’. ‘ರೀಸನ್ ಆಫ್ ದಿಸ್’ ಎಂದವರಿಗೆ ‘ಫಾರ್’. ಯಾಕೆ ಹಾಗೆ ಎಂದು ಯಾರಾದರೂ ಎದ್ದು ಕೇಳಿದರೆ ಬರುವ ಉತ್ತರವೂ ಒಂದೇ: ಅದು ಹಾಗೇ, ಬಾಯಿಪಾಠ ಮಾಡಿಕೊಳ್ಳಿ.

ನನ್ನ ತಕರಾರು ಆ ಕೆಂಪು ಗೆರೆಯ ಬಗ್ಗೆ ಅಲ್ಲ. ತಪ್ಪಿಗೆ ಅಂಕ ಕಳೆಯಲೇಬೇಕು. ಆದರೆ ಸ್ವಲ್ಪ ಯೋಚಿಸಿ ನೋಡಿ. ‘ಆನ್ಸರ್ ಆಫ್ ದ ಕ್ವೆಶ್ಚನ್’ ಎಂದು ಬರೆದರೂ ಓದಿದವರಿಗೆ ಅರ್ಥ ಆಗಿಯೇ ಆಗುತ್ತದೆ. ಅಲ್ಲಿ ಬೇರೆ ಅರ್ಥಕ್ಕೆ ಜಾಗವೇ ಇಲ್ಲ. ಯಾರಿಗೂ ಒಂದು ರೂಪಾಯಿ ನಷ್ಟವಿಲ್ಲ. ಅದೇ ಇಂಗ್ಲಿಷಿನಲ್ಲಿ ಇನ್ನೊಂದು ಗುಂಪಿದೆ. ಅಲ್ಲಿ ಒಂದೇ ನಾಮಪದದ ಬೆನ್ನಿಗೆ ಎರಡು ಮೂರು ಪ್ರಿಪೋಸಿಷನ್‌ಗಳು ಬರಬಹುದು, ಎಲ್ಲವೂ ವ್ಯಾಕರಣದ ಪ್ರಕಾರ ಸರಿ, ಆದರೆ ಒಂದೊಂದಕ್ಕೂ ಅರ್ಥ ಬೇರೆ. ಅಲ್ಲಿ ತಪ್ಪು ಪದ ಹಾಕಿದರೂ ವಾಕ್ಯ ಸರಿಯಾಗಿಯೇ ಕಾಣುವುದರಿಂದ ಕೆಂಪು ಪೆನ್ನು ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಕಾಮರ್ಸ್ ಓದುವ ನಮಗೆ ಬೇಕಾಗಿರುವುದು ಈ ಎರಡನೆಯ ಗುಂಪು. ಇದನ್ನು ನಮಗೆ ಯಾರೂ ಕಲಿಸುವುದಿಲ್ಲ. ಗ್ರಾಮರ್ ಪೀರಿಯಡ್‌ನಲ್ಲಿ ಇದು ಅಕೌಂಟ್ಸ್ ವಿಷಯ, ಅಕೌಂಟ್ಸ್ ಪೀರಿಯಡ್‌ನಲ್ಲಿ ಇದು ಗ್ರಾಮರ್ ವಿಷಯ.

ಮೊದಲಿಗೆ ‘ಇಂಟರೆಸ್ಟ್’ ಅನ್ನೇ ತೆಗೆದುಕೊಳ್ಳಿ. ‘ಇಂಟರೆಸ್ಟ್ ಆನ್’ ಎಂದರೆ ಬಡ್ಡಿ. ‘ಇಂಟರೆಸ್ಟ್ ಇನ್’ ಎಂದರೆ ಆಸಕ್ತಿ ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೇವೆ. ಆದರೆ ವ್ಯಾಪಾರದ ಕಾಗದಗಳಲ್ಲಿ ಅದಕ್ಕೆ ಪಾಲು, ಹಕ್ಕು ಎಂಬ ಅರ್ಥ. ನಮ್ಮ ಮನೆಗಳಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ‘ಆನ್’ ಬಂದರೆ ಅದು ಸೂದ್. ದಾದಿಯವರು ಆ ಪದ ಹೇಳುವಾಗಲೇ ದನಿ ತಗ್ಗಿಸುತ್ತಾರೆ. ‘ಇನ್’ ಬಂದರೆ ಹಿಸ್ಸಾ: ಲಾಭವಾದರೆ ಲಾಭದಲ್ಲಿ, ನಷ್ಟವಾದರೆ ನಷ್ಟದಲ್ಲಿ. ಅದಕ್ಕೆ ಮನೆಯಲ್ಲಿ ಯಾರ ಅಡ್ಡಿಯೂ ಇಲ್ಲ. ಉರ್ದುವಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ, ಕನ್ನಡದಲ್ಲೂ ಬೇರೆ ಬೇರೆ ಪದ. ಇಂಗ್ಲಿಷಿನಲ್ಲಿ ಪದ ಒಂದೇ. ಹಲಾಲ್ ಯಾವುದು ಹರಾಮ್ ಯಾವುದು ಎಂದು ಬೇರ್ಪಡಿಸುವ ಇಡೀ ಭಾರ ಎರಡಕ್ಷರದ ಪ್ರಿಪೋಸಿಷನ್ ಮೇಲೆ ಬಿದ್ದಿದೆ.

ಕಳೆದ ವರ್ಷ ನನ್ನ ಮಾಮು ತಮ್ಮ ಸ್ನೇಹಿತರೊಬ್ಬರ ಬೇಕರಿಗೆ ಹಣ ಹಾಕಲು ಒಪ್ಪಿಕೊಂಡಿದ್ದರು. ಇಬ್ಬರ ನಡುವಿನ ಮಾತು ಸ್ಪಷ್ಟವಾಗಿತ್ತು: ಬಡ್ಡಿ ಬೇಡ, ಲಾಭ ನಷ್ಟ ಎರಡರಲ್ಲೂ ಪಾಲು. ಟೈಪಿಂಗ್ ಅಂಗಡಿಯವರು ಕಂಪ್ಯೂಟರಿನಲ್ಲಿದ್ದ ಹಳೆಯ ಸಾಲಪತ್ರವೊಂದನ್ನು ತೆರೆದು, ಹೆಸರು ಮೊತ್ತ ಬದಲಿಸಿ, ಪ್ರಿಂಟ್ ಕೊಟ್ಟಿದ್ದರು. ಮನೆಗೆ ಬಂದ ಇಂಗ್ಲಿಷ್ ಕಾಗದ ಓದುವ ಕೆಲಸ ನಮ್ಮಲ್ಲಿ ಕಾಲೇಜಿಗೆ ಹೋಗುವವರದ್ದೇ ಅಲ್ಲವೇ? ಕರೆಂಟ್ ಬಿಲ್ಲಿನಿಂದ ಹಿಡಿದು ಬ್ಯಾಂಕ್ ನೋಟಿಸ್‌ವರೆಗೆ ಎಲ್ಲ ನಮ್ಮ ಕೈಗೇ ಬರುತ್ತದೆ. ಓದುತ್ತಾ ಹೋದರೆ, ಮಾಮುವಿಗೆ ಸಿಗುವುದು ‘ಇಂಟರೆಸ್ಟ್ ಆನ್ ದ ಸೆಡ್ ಅಮೌಂಟ್’ ಎಂದಿತ್ತು. ಅವರು ಮಾತಾಡಿಕೊಂಡದ್ದು ‘ಇಂಟರೆಸ್ಟ್ ಇನ್ ದ ಸೆಡ್ ಬಿಸಿನೆಸ್’.

ಎರಡೂ ಶುದ್ಧ ಇಂಗ್ಲಿಷ್. ಆದರೆ ಮೊದಲನೆಯದರಲ್ಲಿ ಮಾಮು ಸಾಲ ಕೊಟ್ಟವರು, ಎರಡನೆಯದರಲ್ಲಿ ಪಾಲುದಾರರು. ಸಾಲ ಕೊಟ್ಟವರು ಬೇಕರಿ ನಡೆದರೂ ನಡೆಯದಿದ್ದರೂ ಹಣ ವಾಪಸ್ ಕೇಳಬಹುದು. ಪಾಲುದಾರರಾದರೆ ಹಾಗಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರೂ ಹೊಣೆ. ಅಂದರೆ ‘ಆನ್’ ಸುರಕ್ಷಿತ, ‘ಇನ್’ನಲ್ಲಿ ಅಪಾಯ ಹೆಚ್ಚು. ಮಾಮು ಎರಡನ್ನೂ ಕೇಳಿಸಿಕೊಂಡರು, ಒಂದು ಚಹಾ ಕುಡಿದರು, ಮಾರನೇ ದಿನ ವಕೀಲರ ಬಳಿ ಹೋಗಿ ‘ಇನ್’ ಇರುವ ಕಾಗದವನ್ನೇ ಬರೆಸಿದರು. ಅದು ಅವರ ತೀರ್ಮಾನ. ತಿಳಿದು ತೀರ್ಮಾನ ಮಾಡುವುದಕ್ಕೂ ಟೈಪಿಂಗ್ ಅಂಗಡಿಯ ಹಳೆಯ ಫೈಲ್ ನಮ್ಮ ಪರವಾಗಿ ತೀರ್ಮಾನ ಮಾಡುವುದಕ್ಕೂ ವ್ಯತ್ಯಾಸವಿದೆ.

ಇನ್ನು ನಮ್ಮ ಅಕೌಂಟೆನ್ಸಿ ಪುಸ್ತಕಕ್ಕೆ ಬರೋಣ. ಪಾಲುದಾರಿಕೆ ಪಾಠದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಪಾಲುದಾರರ ಸಾಲದ ಮೇಲಿನ ಬಡ್ಡಿ ‘ಚಾರ್ಜ್ ಅಗೇನ್ಸ್ಟ್ ಪ್ರಾಫಿಟ್’, ಬಂಡವಾಳದ ಮೇಲಿನ ಬಡ್ಡಿ ‘ಅಪ್ರೋಪ್ರಿಯೇಷನ್ ಆಫ್ ಪ್ರಾಫಿಟ್’. ಹೆಚ್ಚಿನವರು ಇದನ್ನು ಯಾವುದು ಯಾವ ಖಾತೆಗೆ ಎಂಬ ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ನನ್ನ ಪ್ರಕಾರ ಆ ‘ಅಗೇನ್ಸ್ಟ್’ ಮತ್ತು ‘ಆಫ್’ಗಳನ್ನು ಗಮನಿಸಿದರೆ ಪಟ್ಟಿಯೇ ಬೇಡ. ‘ಅಗೇನ್ಸ್ಟ್’ ಎಂದರೆ ಲಾಭಕ್ಕೆ ಎದುರು ನಿಂತದ್ದು. ಲಾಭ ಇದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ, ತನ್ನದನ್ನು ಕಳೆದುಕೊಂಡೇ ಹೋಗುತ್ತದೆ. ‘ಆಫ್’ ಎಂದರೆ ಲಾಭದ ಒಳಗಿನದ್ದು. ಲಾಭವೇ ಇಲ್ಲದಿದ್ದರೆ ಹಂಚುವುದು ಏನನ್ನು?

ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಒಂದು ಫರ್ಮಿನಲ್ಲಿ ಪಾಲುದಾರರ ಒಟ್ಟು ಬಂಡವಾಳ 2,00,000 ರೂಪಾಯಿ, ಒಪ್ಪಂದದ ಪ್ರಕಾರ ಅದಕ್ಕೆ ಶೇ 8ರ ಬಡ್ಡಿ. ಒಬ್ಬ ಪಾಲುದಾರರು ಇದಲ್ಲದೆ 1,00,000 ರೂಪಾಯಿ ಸಾಲವನ್ನೂ ಕೊಟ್ಟಿದ್ದಾರೆ, ಆ ಬಗ್ಗೆ ಒಪ್ಪಂದದಲ್ಲಿ ಏನೂ ಬರೆದಿಲ್ಲ. ಬರೆಯದಿದ್ದರೆ ಕಾಯ್ದೆಯ 13ನೇ ಕಲಂ ಪ್ರಕಾರ ಸಾಲಕ್ಕೆ ಶೇ 6. ವರ್ಷದ ಲಾಭ ಬರೀ 10,000 ಎಂದಿಟ್ಟುಕೊಳ್ಳಿ. ಮೊದಲು ಸಾಲದ ಬಡ್ಡಿ 6,000 ಹೋಗುತ್ತದೆ. ಬಂಡವಾಳದ ಬಡ್ಡಿ ಲೆಕ್ಕಕ್ಕೆ 16,000 ಆದರೂ ಉಳಿದಿರುವುದು 4,000, ಅಷ್ಟನ್ನೇ ಹಂಚಿಕೊಳ್ಳಬೇಕು. ಲಾಭದ ಬದಲು ನಷ್ಟವಾಗಿದ್ದರೆ ಆಗಲೂ ಆ 6,000 ಕೊಡಲೇಬೇಕು, ಬಂಡವಾಳಕ್ಕೆ ಸೊನ್ನೆ. ಎರಡೂ ಬಡ್ಡಿಯೇ, ಎರಡರ ಹೆಸರಿನಲ್ಲೂ ‘ಇಂಟರೆಸ್ಟ್ ಆನ್’ ಇದೆ. ಲಾಭದ ಜೊತೆ ಅವುಗಳ ಸಂಬಂಧ ಹೇಳುವ ಪ್ರಿಪೋಸಿಷನ್ ಮಾತ್ರ ಬೇರೆ.

‘ಚಾರ್ಜ್’ ಅಲ್ಲಿಗೇ ನಿಲ್ಲುವುದಿಲ್ಲ. ಡಿಬೆಂಚರ್ ಪಾಠದಲ್ಲಿ ‘ಚಾರ್ಜ್ ಆನ್ ಅಸೆಟ್ಸ್’ ಬರುತ್ತದೆ, ಅಂದರೆ ಸಾಲಕ್ಕೆ ಆಸ್ತಿಯ ಮೇಲಿನ ಹಿಡಿತ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಚಾರ್ಜ್ ಫಾರ್’ ಇದೆ, ಅದು ಬರೀ ಶುಲ್ಕ. ‘ಇನ್‌ಚಾರ್ಜ್’ ಅಂತೂ ನಮ್ಮ ಲ್ಯಾಬಿನ ಬಾಗಿಲ ಮೇಲೇ ಇದೆ.

ಮೂರನೆಯ ಉದಾಹರಣೆ ಬರೆಯಲು ಸ್ವಲ್ಪ ಕಷ್ಟ. ‘ರಿಟರ್ನ್ ಆನ್ ಕ್ಯಾಪಿಟಲ್’ ಎಂದರೆ ಹಾಕಿದ ಹಣ ದುಡಿದು ತಂದದ್ದು. ‘ರಿಟರ್ನ್ ಆಫ್ ಕ್ಯಾಪಿಟಲ್’ ಎಂದರೆ ಹಾಕಿದ ಹಣವೇ ವಾಪಸ್ ಬರುವುದು. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ, ಹಲಾಲ್ ಹೂಡಿಕೆ ಎಂದು ಹೇಳಿಕೊಂಡು ನಡೆಯುತ್ತಿದ್ದ ಕಂಪನಿಯೊಂದು ಬಾಗಿಲು ಮುಚ್ಚಿತು. ಹೆಸರು ಬರೆಯಬೇಕಾಗಿಲ್ಲ, ಇದನ್ನು ಓದುವ ಎಲ್ಲರಿಗೂ ಗೊತ್ತು. ಹಣ ಹಾಕಿದ್ದ ಸಾವಿರಾರು ಕುಟುಂಬಗಳಲ್ಲಿ ಹೆಚ್ಚಿನವು ನಮ್ಮವರದ್ದೇ. ಮಗಳ ಮದುವೆಗೆ, ಹಜ್‌ಗೆ ಎಂದು ಕೂಡಿಟ್ಟವರೂ ಅದರಲ್ಲಿದ್ದರು. ಅಂಥ ಕಡೆ ತಿಂಗಳು ತಿಂಗಳು ಬರುತ್ತಿದ್ದ ಹಣವನ್ನು ಎಲ್ಲರೂ ‘ಆನ್’ ಎಂದು ನಂಬುತ್ತಾರೆ. ಆದರೆ ಹೊಸಬರ ಬಂಡವಾಳವನ್ನು ಹಳಬರಿಗೆ ಹಂಚುವ ಯಾವುದೇ ಯೋಜನೆಯಲ್ಲಿ ಬರುವುದು ನಿಜವಾಗಿ ಯಾರದೋ ‘ಆಫ್’. ಇಂಗ್ಲಿಷ್ ಪ್ರಿಪೋಸಿಷನ್ ಕಲಿತಿದ್ದರೆ ಆ ಹಣ ಉಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಓದಿದವರೂ ಕಳೆದುಕೊಂಡಿದ್ದಾರೆ. ನಾಳೆ ಯಾರಾದರೂ ನಮ್ಮ ಮನೆಯ ಜಗಲಿಯಲ್ಲಿ ಕೂತು ‘ರಿಟರ್ನ್’ ಎಂದಾಗ, ‘ಆನೋ ಆಫೋ’ ಎಂದು ಕೇಳುವಷ್ಟಾದರೂ ನಾವು ಕಾಮರ್ಸ್ ಓದಿರಬೇಕು ಎನ್ನುತ್ತಿದ್ದೇನೆ.

ಹಾಗಾದರೆ ಇದನ್ನು ಕಲಿಯುವುದು ಹೇಗೆ? ಇಲ್ಲಿ ನಮ್ಮ ಕಾಲೇಜಿಗೆ ಇರುವಷ್ಟು ಅನುಕೂಲ ಬೇರೆಯವರಿಗಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಬ್ಯಾರಿ, ನವಾಯತಿ ಮನೆಮಾತಿನವರು ತಮ್ಮದನ್ನೂ ಸೇರಿಸಿಕೊಳ್ಳಲಿ. ಎಂಟನೇ ಕ್ಲಾಸಿನಿಂದ ‘ಉ, ಅನ್ನು, ಇಂದ, ಗೆ’ ಎಂದು ವಿಭಕ್ತಿ ಪ್ರತ್ಯಯ ಹಾಡಿದ್ದೇವಲ್ಲ, ಇಂಗ್ಲಿಷಿನ ಸಣ್ಣ ಪದಗಳು ಮಾಡುವುದು ಹೆಚ್ಚುಕಡಿಮೆ ಅದೇ ಕೆಲಸ. ಇಂಗ್ಲಿಷಿನಲ್ಲಿ ಅದು ಮುಂದೆ ಬಂದು ನಿಲ್ಲುತ್ತದೆ, ನಮ್ಮಲ್ಲಿ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಎಕನಾಮಿಕ್ಸ್‌ನ ‘ಡಿಮ್ಯಾಂಡ್’ ನೋಡಿ. ‘ಡಿಮ್ಯಾಂಡ್ ಫಾರ್ ವರ್ಕರ್ಸ್’ ಎಂದರೆ ಕಾರ್ಖಾನೆಗೆ ಕಾರ್ಮಿಕರು ಬೇಕಾಗಿದ್ದಾರೆ. ‘ಡಿಮ್ಯಾಂಡ್ ಆಫ್ ವರ್ಕರ್ಸ್’ ಎಂದರೆ ಸಾಮಾನ್ಯವಾಗಿ, ಕಾರ್ಮಿಕರು ಏನನ್ನೋ ಕೇಳುತ್ತಿದ್ದಾರೆ. ಉರ್ದುವಿನಲ್ಲಿ ‘ಮಜ್ದೂರೋಂ ಕಿ ಮಾಂಗ್’ ಎಂದರೆ ಎರಡೂ ಆಗಬಹುದು, ಸಂದರ್ಭ ನೋಡಿಯೇ ತಿಳಿಯಬೇಕು. ಕನ್ನಡದಲ್ಲಿ ಗೊಂದಲವೇ ಇಲ್ಲ: ‘ಕಾರ್ಮಿಕರಿಗೆ ಬೇಡಿಕೆ’, ‘ಕಾರ್ಮಿಕರ ಬೇಡಿಕೆ’. ಒಂದು ‘ಗೆ’ ಇದ್ದರೆ ಲೇಬರ್ ಮಾರ್ಕೆಟ್, ಇಲ್ಲದಿದ್ದರೆ ಮುಷ್ಕರ! ಉರ್ದು ಮನೆಯಿಂದ ಬಂದವರಿಗೆ ಇಲ್ಲಿ ದಾರಿ ತೋರಿಸುವುದು ಕನ್ನಡ. ಮೊದಲು ಹೇಳಿದ ‘ಆನ್ಸರ್ ಟು’ ಕೂಡ ಅಷ್ಟೇ. ಉರ್ದುವಿನ ‘ಸವಾಲ್ ಕಾ ಜವಾಬ್’ ನಮ್ಮನ್ನು ‘ಆಫ್’ ಕಡೆ ಎಳೆದರೆ, ಕನ್ನಡದ ‘ಪ್ರಶ್ನೆಗೆ ಉತ್ತರ’ ನೇರವಾಗಿ ‘ಟು’ ಬಳಿ ತಂದು ನಿಲ್ಲಿಸುತ್ತದೆ. ಬಾಯಿಪಾಠ ಯಾಕೆ ಬೇಕು?

ಪತ್ರಿಕೆ ಓದುವವರಿಗೆ ಇನ್ನೊಂದು. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 6.50ರಿಂದ 6.25ಕ್ಕೆ ತಂದಿತು. ಇಂಗ್ಲಿಷ್ ಪೇಪರಿನಲ್ಲಿ ಇದನ್ನು ‘ರಿಡಕ್ಷನ್ ಇನ್’, ‘ರಿಡಕ್ಷನ್ ಆಫ್’, ‘ರಿಡಕ್ಷನ್ ಟು’ ಎಂದು ಮೂರು ಥರ ಬರೆಯಬಹುದು. ‘ಇನ್’ ಬಂದರೆ ಇಳಿದದ್ದು ಯಾವುದು, ‘ಆಫ್’ ಬಂದರೆ ಇಳಿದದ್ದು ಎಷ್ಟು, ‘ಟು’ ಬಂದರೆ ಇಳಿದು ನಿಂತದ್ದು ಎಲ್ಲಿ. ‘ಆಫ್ 0.25’ ಬರೆಯುವ ಕಡೆ ‘ಟು 0.25’ ಬರೆದರೆ ಬ್ಯಾಂಕ್ ಬಡ್ಡಿಯೇ ಇಲ್ಲದಂತಾಗುತ್ತದೆ. ಇದೇ ಸುದ್ದಿಯನ್ನು ಕನ್ನಡದಲ್ಲಿ ಹೇಳಿ: ರೆಪೊ ದರದಲ್ಲಿ, ಶೇ 0.25ರಷ್ಟು ಇಳಿಕೆ, ಶೇ 6.25ಕ್ಕೆ. ‘ಅಲ್ಲಿ’, ‘ರಷ್ಟು’, ‘ಕ್ಕೆ’. ಮೂರಕ್ಕೆ ಮೂರೂ ಹೊಂದುತ್ತವೆ! ಕನ್ನಡ ಪತ್ರಿಕೆಯ ವಾಣಿಜ್ಯ ಪುಟ ಓದುವವರಿಗೆ ಇದು ಆಗಲೇ ಗೊತ್ತಿದೆ, ಗೊತ್ತಿದೆ ಎಂಬುದು ಮಾತ್ರ ಗೊತ್ತಿಲ್ಲ.

ಹಾಗೆಂದು ಎಲ್ಲ ಕಡೆ ನಮ್ಮ ಭಾಷೆಗಳು ಕೈಹಿಡಿಯುತ್ತವೆ ಎಂದಲ್ಲ. ಕನ್ನಡದಲ್ಲಿ ಎಲ್ಲವೂ ‘ಮೇಲೆ’: ಅವನ ಮೇಲೆ ಪ್ರೀತಿ, ಅವನ ಮೇಲೆ ಕೋಪ, ಅವನ ಮೇಲೆ ನಂಬಿಕೆ, ಕೊನೆಗೆ ಅವನ ಮೇಲೆ ಕೇಸು. ಇಂಗ್ಲಿಷಿನಲ್ಲಿ ಪ್ರೀತಿಗೆ ‘ಫಾರ್’, ನಂಬಿಕೆಗೆ ‘ಇನ್’, ಕೇಸಿಗೆ ‘ಅಗೇನ್ಸ್ಟ್’. ಉರ್ದುವಿನಲ್ಲಿ ಪ್ರೀತಿಗೆ ‘ಸೆ’, ಭರವಸೆಗೆ ‘ಪರ್’. ನಮ್ಮ ದಖನಿಯಲ್ಲಿ ಆ ‘ಪರ್’ ಕೂಡ ‘ಪೊ’ ಆಗಿಬಿಡುತ್ತದೆ. ಮೂರು ಭಾಷೆಗಳು ಒಂದೇ ಪ್ರೀತಿಯನ್ನು ಮೂರು ಕಡೆಯಿಂದ ನೋಡುತ್ತವೆ. ಇಂಥ ಕಡೆ ಹೋಲಿಕೆ ಮಾಡಿದರೆ ಎಲ್ಲಿ ಜಾರುತ್ತೇವೆ ಎಂಬುದಾದರೂ ಮೊದಲೇ ತಿಳಿಯುತ್ತದೆ.

ಎರಡೂ ಮನೆಭಾಷೆಗಳು ಒಟ್ಟಿಗೆ ಕೈಕೊಡುವ ಪದ ‘ರೈಟ್’. ‘ಮಹಿಳೆಯರ ಹಕ್ಕು’, ‘ಶಿಕ್ಷಣದ ಹಕ್ಕು’. ಮೊದಲನೆಯದರಲ್ಲಿ ಹಕ್ಕು ಇರುವವರು ಮಹಿಳೆಯರು. ಎರಡನೆಯದರಲ್ಲಿ ಹಕ್ಕು ಇರುವುದು ಶಿಕ್ಷಣಕ್ಕಲ್ಲ, ನಮಗೆ! ಆದರೂ ಕನ್ನಡ ಎರಡಕ್ಕೂ ಒಂದೇ ಷಷ್ಠಿ ವಿಭಕ್ತಿ ಹಾಕುತ್ತದೆ, ಉರ್ದು ಎರಡಕ್ಕೂ ಒಂದೇ ‘ಕಾ’. ಇಂಗ್ಲಿಷ್ ಬೇರ್ಪಡಿಸುತ್ತದೆ: ಹಕ್ಕು ಯಾರದ್ದು ಎನ್ನಲು ‘ಆಫ್’, ಯಾವುದಕ್ಕೆ ಎನ್ನಲು ‘ಟು’. ಸಂವಿಧಾನದ ಮೂರನೇ ಭಾಗವನ್ನು ಇಂಗ್ಲಿಷಿನಲ್ಲಿ ತೆರೆದು ಶೀರ್ಷಿಕೆಗಳನ್ನಷ್ಟೇ ಓದಿ. ಸಮಾನತೆಗೆ ‘ರೈಟ್ ಟು’, ಸ್ವಾತಂತ್ರ್ಯಕ್ಕೆ ‘ರೈಟ್ ಟು’, ಶೋಷಣೆಗೆ ಬಂದಾಗ ಮಾತ್ರ ‘ರೈಟ್ ಅಗೇನ್ಸ್ಟ್’. ಅಲ್ಲಿ ಕೈತಪ್ಪಿ ‘ಟು’ ಬಿದ್ದಿದ್ದರೆ ಶೋಷಣೆ ಮಾಡುವುದೇ ಹಕ್ಕಾಗುತ್ತಿತ್ತು. ನಮ್ಮ ಕಾಲೇಜಿನಂಥ ಸಂಸ್ಥೆಗಳಿಗೆ ಬುನಾದಿಯಾದ 30ನೇ ವಿಧಿಯ ಶೀರ್ಷಿಕೆಯಲ್ಲಿ ಎರಡೂ ಇವೆ: ಅಲ್ಪಸಂಖ್ಯಾತರ ಎನ್ನಲು ‘ಆಫ್’, ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸಲು ಎನ್ನಲು ‘ಟು’. ಹಕ್ಕಿನ ಒಡೆಯರು ಯಾರು, ಹಕ್ಕು ಯಾವುದಕ್ಕೆ ಎಂಬುದು ಒಂದೇ ಸಾಲಿನಲ್ಲಿ.

ಕೋರ್ಟಿನ ವಿಷಯ ಬಂದದ್ದರಿಂದ ಇದೂ ಇರಲಿ. ‘ಕಂಟೆಂಪ್ಟ್ ಫಾರ್ ಕೋರ್ಟ್’ ಎಂದರೆ ನ್ಯಾಯಾಲಯದ ಬಗ್ಗೆ ಮನಸ್ಸಿನೊಳಗಿನ ತಿರಸ್ಕಾರ. ‘ಕಂಟೆಂಪ್ಟ್ ಆಫ್ ಕೋರ್ಟ್’ ಎಂದರೆ ನ್ಯಾಯಾಂಗ ನಿಂದನೆ, 1971ರ ಕಾಯ್ದೆಯಡಿ ಜೈಲಿಗೂ ಕಳಿಸಬಹುದಾದ ಅಪರಾಧ.

ಇಷ್ಟೆಲ್ಲ ಹೇಳಿದರೆ ಗೆಳೆಯರು ಕೇಳುವುದು ಒಂದೇ: ಫೋನಿನಲ್ಲಿ ಗ್ರಾಮರ್ ತಿದ್ದುವ ಆ್ಯಪ್ ಇದೆಯಲ್ಲ, ತಲೆ ಯಾಕೆ ಕೆಡಿಸಿಕೊಳ್ಳುತ್ತೀಯ? ‘ಆನ್ಸರ್ ಆಫ್’ ಅನ್ನು ಆ್ಯಪ್ ತಿದ್ದುತ್ತದೆ, ಒಪ್ಪಿದೆ. ಆದರೆ ಮಾಮುವಿನ ಕಾಗದದಲ್ಲಿ ತಿದ್ದಲು ಏನಿತ್ತು? ಅಲ್ಲಿ ಎಲ್ಲವೂ ಸರಿಯಾಗಿತ್ತು. ಇಬ್ಬರು ಸ್ನೇಹಿತರು ಬೇಕರಿಯ ಬೆಂಚಿನ ಮೇಲೆ ಕೂತು ಏನು ಮಾತಾಡಿಕೊಂಡಿದ್ದರು ಎಂಬುದು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ.

ನಮ್ಮ ಅಧ್ಯಾಪಕರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಇಂಗ್ಲಿಷ್ ಟೆಸ್ಟಿನಲ್ಲಿ ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಇರಲಿ, ಅದರ ಜೊತೆ ಎರಡು ಸರಿಯಾದ ವಾಕ್ಯ ಕೊಟ್ಟು ಇವೆರಡರಲ್ಲಿ ಯಾರಿಗೆ ಯಾರು ಹಣ ಕೊಡಬೇಕು ಎಂದು ಕೇಳುವ ಒಂದು ಪ್ರಶ್ನೆಯೂ ಇರಲಿ. ಉತ್ತರವನ್ನು ಉರ್ದುವಿನಲ್ಲೋ ಕನ್ನಡದಲ್ಲೋ ವಿವರಿಸಿದರೂ ಅಂಕ ಕೊಡಿ. ಅಕೌಂಟೆನ್ಸಿ ಸರ್ ಬೋರ್ಡಿನ ಮೇಲೆ ಪಾಠದ ಹೆಸರು ಬರೆದಾಗ ಆ ಸಣ್ಣ ಪದದ ಕೆಳಗೆ ಒಂದು ಗೆರೆ ಎಳೆದರೆ ಸಾಕು, ಎರಡು ನಿಮಿಷವೂ ಬೇಡ. ವಿದ್ಯಾರ್ಥಿಗಳು ತಮ್ಮ ನೋಟ್ಸಿನ ಕೊನೆಯ ಪುಟವನ್ನು ಇದಕ್ಕೆ ಮೀಸಲಿಡಬಹುದು. ನನ್ನದರಲ್ಲಿ ಈಗ ‘ಲಾಸ್’ ನಡೆಯುತ್ತಿದೆ: ಬೆಂಕಿಗೆ ಸರಕು ಹೋದರೆ ‘ಲಾಸ್ ಆಫ್ ಗೂಡ್ಸ್’, ಹಳೆಯ ಮೇಜನ್ನು ಕಡಿಮೆಗೆ ಮಾರಿದರೆ ‘ಲಾಸ್ ಆನ್ ಸೇಲ್’. ಒಂದರಲ್ಲಿ ವಸ್ತುವೇ ಇಲ್ಲ, ಇನ್ನೊಂದರಲ್ಲಿ ಹೋದದ್ದು ಬೆಲೆಯ ಒಂದು ಭಾಗ.

ಮುಂದೆ ಬರುವುದು ‘ಅಡ್ಮಿಷನ್ ಆಫ್ ಎ ಪಾರ್ಟ್‌ನರ್’ ಪಾಠ, ಹೊಸ ಪಾಲುದಾರರ ಸೇರ್ಪಡೆ. ಅದೇ ಪಾಲುದಾರಿಕೆ ಕಾಯ್ದೆಯ 23ನೇ ಕಲಂನಲ್ಲಿ ಇರುವುದು ‘ಅಡ್ಮಿಷನ್ ಬೈ ಎ ಪಾರ್ಟ್‌ನರ್’. ಅದು ಸೇರ್ಪಡೆಯಲ್ಲ, ಪಾಲುದಾರರೊಬ್ಬರು ಒಪ್ಪಿಕೊಂಡು ಹೇಳಿದ ಮಾತು. ವ್ಯಾಪಾರದ ದಿನನಿತ್ಯದ ನಡೆಯಲ್ಲಿ ಹೇಳಿದ್ದಾದರೆ ಅದು ಫರ್ಮಿನ ವಿರುದ್ಧವೇ ಸಾಕ್ಷ್ಯವಾಗುತ್ತದೆ. ಪಾಠ ಶುರುವಾದ ದಿನ ಯಾರಾದರೂ ಈ ಎರಡರ ಬಗ್ಗೆ ಸರ್ ಅವರನ್ನು ಕೇಳಿ. ‘ಅಡ್ಮಿಷನ್ ಟು’ ಬಗ್ಗೆ ಕೇಳಬೇಕಾಗಿಲ್ಲ, ಅದರ ಫೀಸ್ ರಸೀದಿ ಎಲ್ಲರ ಮನೆಯ ಬೀರುವಿನಲ್ಲೂ ಇದೆ.